ಮೊದಲು ಪಾತ್ರೆಯ ಲೆಕ್ಕ, ಆಮೇಲೆ ಬಿಯರ್ ರೆಸಿಪಿ

ಪೋರ್ಟ್‌ಲ್ಯಾಂಡಿನ ನಮ್ಮ ಗ್ಯಾರೇಜಿನಲ್ಲಿ ನಾನು ಪೇಲ್ ಏಲ್ ಎಂಬ ಬಗೆಯ ಬಿಯರ್ ಮಾಡುತ್ತೇನೆ. ರೆಸಿಪಿ ಬರೆಯುವುದು ಬ್ರೂಫಾದರ್ ಎಂಬ ಬಿಯರ್ ರೆಸಿಪಿ ಸಾಫ್ಟ್‌ವೇರಿನಲ್ಲಿ.

ರೆಸಿಪಿಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸೇರಿಸುವ ಮೊದಲೇ ಇಕ್ವಿಪ್‌ಮೆಂಟ್ ಪ್ರೊಫೈಲ್, ಅಂದರೆ ನಿಮ್ಮ ಪಾತ್ರೆಯ ವಿವರ, ತುಂಬಿಸಿ. ಪಾತ್ರೆ ಎಷ್ಟು ಲೀಟರಿನದು, ಒಂದು ಗಂಟೆ ಕುದಿಸಿದರೆ ಎಷ್ಟು ನೀರು ಆವಿಯಾಗುತ್ತದೆ, ಎಲ್ಲವನ್ನೂ ಅಳೆದೇ ಬರೆಯಿರಿ. ಮೊದಲ ಸಲ ನಾನು ಎಫಿಶಿಯೆನ್ಸಿ (ಮಾಲ್ಟಿನ ಸಕ್ಕರೆಯಲ್ಲಿ ನಮಗೆ ಸಿಗುವ ಪಾಲು) 72% ಅಂತ ಹಾಕಿ ಸುಮ್ನೆ ಬಿಟ್ಟಿದ್ದೆ. 1.052 ಬರಬೇಕಿದ್ದ ಒರಿಜಿನಲ್ ಗ್ರಾವಿಟಿ (ಹುದುಗುವ ಮೊದಲು ದ್ರವದಲ್ಲಿ ಎಷ್ಟು ಸಕ್ಕರೆ ಇದೆ ಎಂದು ತೋರಿಸುವ ಸಾಂದ್ರತೆ) 1.046ಕ್ಕೇ ನಿಂತಿತು. ತುಂಬಾ ಬೇಜಾರಾಯಿತು. ಲೆಕ್ಕ ಹಾಕಿದರೆ ನನ್ನ ಪಾತ್ರೆಯ ನಿಜವಾದ ಅಂಕಿ 64%! ಅದನ್ನು ತಿದ್ದಿ, ಪೇಲ್ ಮಾಲ್ಟನ್ನು 4.5 ಕಿಲೋದಿಂದ 5 ಕಿಲೋಗೆ ಏರಿಸಿದೆ. ಬಣ್ಣ, ಸಿಹಿ ಕೊಡುವ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ ಹಾಗೇ ಇದೆ. ಇದು 20 ಲೀಟರಿಗೆ.

ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಕ್ಯಾಸ್ಕೇಡ್ ಎಂಬ ತಳಿಯ ಹಾಪ್ಸ್ 40 ಗ್ರಾಂ 60 ನಿಮಿಷ ಕುದಿಯಬೇಕು, ಇನ್ನು 20 ಗ್ರಾಂ ಕೊನೆಯ 15 ನಿಮಿಷ. ಆದರೆ ಹಾಪ್ಸ್‌ನಲ್ಲಿ ಕಹಿ ಕೊಡುವ ಆಲ್ಫಾ ಆಸಿಡ್ ಪ್ರಮಾಣ ಪ್ರತಿ ಬೆಳೆಗೂ ಬದಲಾಗುತ್ತದೆ. ಸಾಫ್ಟ್‌ವೇರಿನಲ್ಲಿರುವ ಅಂಕಿಯನ್ನು ಅಳಿಸಿ, ಪ್ಯಾಕೆಟ್ಟಿನ ಮೇಲಿರುವುದನ್ನು ಹಾಕಿ. 6% ಇದ್ದರೆ ಕಹಿ ಸುಮಾರು 34 ಐಬಿಯು (ಬಿಯರಿನ ಕಹಿ ಅಳೆಯುವ ಮಾನ) ಬರುತ್ತದೆ. 8% ಆದರೆ ಕಹಿ ಎಷ್ಟು ಏರುತ್ತೆ ನೋಡಿ, ಅಲ್ಲೇ ಗ್ರಾಂ ಇಳಿಸಿ.

ಹಳೆಯ ರೆಸಿಪಿಯನ್ನೇ ತಿದ್ದಬೇಡಿ. ನಕಲು ಮಾಡಿಕೊಂಡು, ಹೆಸರಿನಲ್ಲಿ ತಾರೀಕು ಸೇರಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನನ್ನ ಮುಂದಿನ ನಕಲಿನಲ್ಲಿ ಬದಲಾಗುವುದು ಯೀಸ್ಟ್ ಮಾತ್ರ.