ಮೊದಲ ಸೆಷನ್‌ನಲ್ಲೇ ಆಡಬೇಕಾದ ಮಾತು: ಮನೋಚಿಕಿತ್ಸಕರಿಗೆ ವೃತ್ತಿನೀತಿ

ಮನೋಚಿಕಿತ್ಸೆಯಲ್ಲಿ ನೀತಿಯ ತೊಡಕುಗಳು ಕೆಟ್ಟ ಉದ್ದೇಶದಿಂದ ಹುಟ್ಟುವುದು ಕಡಿಮೆ. ಮೊದಲೇ ಹೇಳಬೇಕಾದ್ದನ್ನು ಹೇಳದೆ ಉಳಿಸಿಕೊಂಡಾಗ ಹುಟ್ಟುವುದೇ ಹೆಚ್ಚು. “ಇಲ್ಲಿ ಆಡಿದ ಮಾತು ಎಲ್ಲೂ ಹೊರಗೆ ಹೋಗುವುದಿಲ್ಲ” ಎಂದು ಭರವಸೆ ಕೊಟ್ಟಿರುತ್ತೀರಿ. ಕೆಲವು ವಾರ ಕಳೆದ ಮೇಲೆ ಆ ವ್ಯಕ್ತಿ ಸಾಯುವ ಯೋಚನೆ ಹೇಳಿಕೊಂಡಾಗ ಮನೆಯವರಿಗೆ ಫೋನ್ ಮಾಡಲೇಬೇಕಾಗುತ್ತದೆ. ಆ ವ್ಯಕ್ತಿಯ ಪಾಲಿಗೆ ಅದು ದ್ರೋಹ. ಗೋಪ್ಯತೆಗೂ ಮಿತಿಯಿದೆ ಎಂದು ಮೊದಲ ದಿನವೇ ಹೇಳಿದ್ದರೆ, ಅದೇ ಫೋನ್ ಕರೆ ಇಬ್ಬರೂ ಒಪ್ಪಿಕೊಂಡಿದ್ದ ಕ್ರಮವಾಗಿರುತ್ತಿತ್ತು.

ಹಾಗಾಗಿ ಮೊದಲ ಸೆಷನ್‌ನ ಹತ್ತು-ಹದಿನೈದು ನಿಮಿಷವನ್ನು ಇದಕ್ಕೆಂದೇ ತೆಗೆದಿಡಿ. ನಿಮ್ಮ ಚಿಕಿತ್ಸೆಯ ವಿಧಾನ ಯಾವುದು, ಬೇರೆ ಯಾವ ದಾರಿಗಳಿವೆ, ಸುಮಾರು ಎಷ್ಟು ಸೆಷನ್ ಹಿಡಿಯಬಹುದು, ಶುಲ್ಕ ಎಷ್ಟು, ಬರಲಾಗದಿದ್ದರೆ ಎಷ್ಟು ಗಂಟೆ ಮೊದಲು ತಿಳಿಸಬೇಕು, ಸೆಷನ್‌ಗಳ ನಡುವೆ ಮೆಸೇಜ್ ಮಾಡಿದರೆ ಉತ್ತರ ಯಾವಾಗ ಸಿಗುತ್ತದೆ, ನಿಮ್ಮ ಸೂಪರ್‌ವೈಸರ್ (ನಿಮ್ಮ ಕೆಲಸಕ್ಕೆ ಮಾರ್ಗದರ್ಶನ ಮಾಡುವ ಹಿರಿಯ ಚಿಕಿತ್ಸಕರು) ಜೊತೆ ಏನನ್ನು ಚರ್ಚಿಸುತ್ತೀರಿ, ಎಲ್ಲವನ್ನೂ ಹೇಳಿ. ಇನ್ನೂ ತರಬೇತಿಯಲ್ಲಿದ್ದರೆ ಅದನ್ನೂ ಮುಚ್ಚಿಡಬೇಡಿ. ಸಹಿ ಬಿದ್ದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಎಂದುಕೊಳ್ಳಬಾರದು. ಸಂಕಟದಲ್ಲಿರುವವರು ಯಾವ ಕಾಗದಕ್ಕೂ ಸಹಿ ಹಾಕುತ್ತಾರೆ. “ಯಾವ ಸಂದರ್ಭದಲ್ಲಿ ನಾನು ಬೇರೆಯವರಿಗೆ ಹೇಳಬೇಕಾಗುತ್ತೆ ಅಂತ ನಿಮಗೆ ಅರ್ಥವಾಯಿತೋ, ಅದನ್ನ ನಿಮ್ಮ ಮಾತಲ್ಲೇ ಒಮ್ಮೆ ಹೇಳ್ತೀರಾ?” ಎಂದು ಕೇಳಿ. ತಪ್ಪು ತಿಳಿವಳಿಕೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅಳುತ್ತಲೇ ಬಂದವರ ಮುಂದೆ ಇಡೀ ಪಟ್ಟಿ ಓದಬೇಡಿ. ಗೋಪ್ಯತೆಯ ಮಿತಿಯನ್ನು ಮಾತ್ರ ಅಂದೇ ಹೇಳಿ, ಉಳಿದದ್ದನ್ನು ಮುಂದಿನ ವಾರಕ್ಕಿಡಿ.

ಆ ಮಿತಿಯನ್ನು ಸುತ್ತಿ ಬಳಸದೆ ಹೇಳಬಹುದು: “ನೀವು ಹೇಳಿದ್ದು ನಮ್ಮಿಬ್ಬರ ನಡುವೆ ಇರುತ್ತೆ. ನಿಮ್ಮ ಜೀವಕ್ಕೆ ಅಪಾಯ ಇದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗ್ತಿದ್ದರೆ, ಅಥವಾ ಕೋರ್ಟ್ ಆದೇಶ ಮಾಡಿದರೆ, ಬೇಕಾದಷ್ಟನ್ನ ಮಾತ್ರ ಹೊರಗೆ ಹೇಳಬೇಕಾಗುತ್ತೆ. ಸಾಧ್ಯವಿದ್ದಾಗೆಲ್ಲ ಮೊದಲು ನಿಮಗೇ ಹೇಳ್ತೀನಿ.” ಕಾನೂನು ಊರಿಂದೂರಿಗೆ ಬೇರೆಯಾಗುತ್ತದೆ. ನೀವಿರುವ ಕಡೆಯ ನಿಯಮ ತಿಳಿದು ಈ ವಾಕ್ಯಗಳನ್ನು ತಿದ್ದಿಕೊಳ್ಳಿ.

ಬೇರೆಯವರ ಜೀವದ ಪ್ರಶ್ನೆ ಬಂದಾಗ ಎಲ್ಲರೂ ನೆನೆಯುವುದು ಅಮೆರಿಕದ ಟರಾಸಾಫ್ ಪ್ರಕರಣ. ವಿದ್ಯಾರ್ಥಿಯೊಬ್ಬ ಟರಾಸಾಫ್ ಎಂಬ ಯುವತಿಯನ್ನು ಕೊಲ್ಲುವ ಇರಾದೆಯನ್ನು ತನ್ನ ಮನೋವಿಜ್ಞಾನಿಯ ಮುಂದೆ ಹೇಳಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟರು. ಆ ಯುವತಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. 1969ರಲ್ಲಿ ಅವಳ ಕೊಲೆಯಾಯಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲಿ ಎಚ್ಚರಿಸುವ ಹೊಣೆಯ ಬಗ್ಗೆ ಹೇಳಿತ್ತು. 1976ರ ತೀರ್ಪಿನಲ್ಲಿ ಅದನ್ನು ರಕ್ಷಿಸುವ ಹೊಣೆಯಾಗಿ ಹಿಗ್ಗಿಸಿತು. ಈ ವ್ಯತ್ಯಾಸ ಸಣ್ಣದಲ್ಲ. ಒಂದು ಫೋನ್ ಮಾಡಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ, ಹಾಗೆಯೇ ಫೋನ್ ಒಂದೇ ದಾರಿ ಎಂದೂ ಇಲ್ಲ. ಆಸ್ಪತ್ರೆಗೆ ಸೇರಿಸುವುದು, ಆಯುಧ ಕೈಗೆ ಸಿಗದಂತೆ ಮಾಡುವುದು, ಸೆಷನ್‌ಗಳನ್ನು ಹತ್ತಿರ ಹತ್ತಿರ ಇಡುವುದು ಕೂಡ ರಕ್ಷಣೆಯೇ.

ಅಂಥ ಮಾತು ಬಂದ ಗಳಿಗೆಯಲ್ಲಿ ಗಾಬರಿಯಾಗದೆ ನೇರವಾಗಿ ಕೇಳಿ: ಯಾರಿಗೆ, ಹೇಗೆ, ಯಾವಾಗ, ಬೇಕಾದ ಸಾಧನ ಕೈಯಲ್ಲಿದೆಯೇ, ಹಿಂದೆ ಹೀಗೆ ಮಾಡಿದ್ದುಂಟೇ? ಸಿಟ್ಟಿನ ಮಾತಿಗೂ ಯೋಜನೆಗೂ ಇರುವ ಅಂತರ ಈ ಉತ್ತರಗಳಲ್ಲಿ ತಿಳಿಯುತ್ತದೆ. ಸೂಪರ್‌ವೈಸರ್‌ಗೋ ಅನುಭವಿ ಸಹೋದ್ಯೋಗಿಗೋ ಅಂದೇ ಫೋನ್ ಮಾಡಿ. ಅಪಾಯ ಹೆಚ್ಚುವುದಿಲ್ಲ ಎನಿಸಿದರೆ ಕ್ಲೈಂಟ್ ಎದುರೇ ವಿಷಯ ಇಡಿ. ಎಷ್ಟೋ ಸಲ ಅವರೇ ಪಕ್ಕದಲ್ಲಿ ಕೂತು ಮನೆಯವರಿಗೆ ಫೋನ್ ಮಾಡಲು ಒಪ್ಪುತ್ತಾರೆ. ಹೊರಗೆ ಹೇಳುವಾಗ ಅಪಾಯ ಏನು, ಈಗ ಏನು ಮಾಡಬೇಕು ಎಂಬಷ್ಟೇ ಸಾಕು. ಅವರ ದಾಂಪತ್ಯದ ಕತೆ, ಬಾಲ್ಯದ ಕತೆ ಬೇಕಿಲ್ಲ. ಯಾವುದನ್ನು ತೂಗಿ ನೋಡಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂದು ಅಂದೇ ಬರೆದಿಡಿ.

ಇವೆಲ್ಲ ಅಪರೂಪದ ದಿನಗಳ ಮಾತು. ಗೋಪ್ಯತೆ ದಿನನಿತ್ಯ ಸೋರುವುದು ಮನೆಯವರ ಫೋನ್ ಕರೆಗಳಲ್ಲಿ. ವಯಸ್ಕ ಮಗನ ಬಗ್ಗೆ ತಾಯಿ ಕೇಳುತ್ತಾರೆ, “ಅವನು ಸರಿಯಾಗಿ ಬರ್ತಾ ಇದ್ದಾನಾ?” “ಬರ್ತಾ ಇದ್ದಾರೆ, ಚಿಂತೆ ಮಾಡಬೇಡಿ” ಎಂಬ ಸಮಾಧಾನದ ಮಾತೇ ಗೋಪ್ಯತೆಯನ್ನು ಮುರಿಯುತ್ತದೆ. “ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಯಾರಿಗೂ ಹೇಳೋದಿಲ್ಲಮ್ಮ, ಅವರನ್ನೇ ಕೇಳಿ” ಎನ್ನುವುದು ಸರಿ. ಆದರೆ “ಅವನು ಮಾತ್ರೆ ನುಂಗಿದ್ದಾನೆ” ಎಂದರೆ ಕೇಳಿಸಿಕೊಳ್ಳಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಮಾಹಿತಿ ಪಡೆದುಕೊಳ್ಳುವುದರಿಂದ ಗೋಪ್ಯತೆ ಮುರಿಯುವುದಿಲ್ಲ, ಕೊಟ್ಟಾಗ ಮುರಿಯುತ್ತದೆ. ಯಾರೇ ಫೋನ್ ಮಾಡಿದ್ದರೂ ಮುಂದಿನ ಸೆಷನ್‌ನಲ್ಲಿ ಕ್ಲೈಂಟ್‌ಗೆ ತಿಳಿಸಿ, ಇಲ್ಲವಾದರೆ ಅವರ ಬೆನ್ನ ಹಿಂದೆ ನೀವೊಂದು ಗುಟ್ಟು ಇಟ್ಟುಕೊಂಡಂತಾಗುತ್ತದೆ. ದಂಪತಿ ಚಿಕಿತ್ಸೆಯಲ್ಲೂ ಹಾಗೇ. ಒಬ್ಬರು ಒಂಟಿಯಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುತ್ತೀರೋ ಇಲ್ಲವೋ ಎಂಬುದು ಇಬ್ಬರೂ ಎದುರಿಗಿರುವಾಗಲೇ ತೀರ್ಮಾನವಾಗಿರಬೇಕು.

ಚಿಕಿತ್ಸಕ-ಕ್ಲೈಂಟ್ ಸಂಬಂಧದ ಎಲ್ಲೆ ಮೀರುವುದೂ ಹೀಗೇ ಮೆಲ್ಲಗೆ ಶುರುವಾಗುತ್ತದೆ. ಐವತ್ತು ನಿಮಿಷದ ಸೆಷನ್ ಒಬ್ಬರಿಗೆ ಮಾತ್ರ ಅರವತ್ತೈದಾಗುತ್ತದೆ, ಅವರ ಸಮಯ ದಿನದ ಕೊನೆಗೆ ಸರಿಯುತ್ತದೆ, ರಾತ್ರಿ ಮೆಸೇಜ್‌ಗಳು ಬರತೊಡಗುತ್ತವೆ, ಶುಲ್ಕ ಬಿಡುತ್ತೀರಿ, ನಿಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತೀರಿ. ಎಲ್ಲ ಎಲ್ಲೆ ದಾಟುವಿಕೆಯೂ ಹಾನಿಯಲ್ಲ ಎಂದು ಅಮೆರಿಕದ ಮನೋವೈದ್ಯರಾದ ಗುಥೇಲ್ ಮತ್ತು ಗಬಾರ್ಡ್ 1993ರಲ್ಲೇ ವಿಂಗಡಿಸಿ ತೋರಿಸಿದ್ದಾರೆ. ಸಾವಿನ ಸುದ್ದಿ ಕೇಳಿ ಕುಸಿದವರ ಜೊತೆ ಹತ್ತು ನಿಮಿಷ ಹೆಚ್ಚು ಕೂತರೆ ತಪ್ಪೇನಿಲ್ಲ. ಇದನ್ನು ಬೇರೆ ಕ್ಲೈಂಟ್‌ಗೂ ಮಾಡುತ್ತಿದ್ದೆನೇ, ನೋಟ್ಸ್‌ನಲ್ಲಿ ಬರೆಯಬಲ್ಲೆನೇ, ಸೂಪರ್‌ವೈಸರ್‌ಗೆ ಹೇಳಬಲ್ಲೆನೇ ಎಂದು ಕೇಳಿಕೊಳ್ಳಿ. ಹೇಳಲು ಹಿಂಜರಿಕೆ ಎನಿಸಿದ್ದನ್ನೇ ಮೊದಲು ಹೇಳಿ.

ಲೈಂಗಿಕ ಸಂಬಂಧದ ವಿಷಯದಲ್ಲಿ ಮಾತ್ರ ಇಂಥ ತೂಗುನೋಟಕ್ಕೆ ಜಾಗವೇ ಇಲ್ಲ. ಕ್ಲೈಂಟ್ ಒಪ್ಪಿದ್ದರು ಎಂಬುದು ಸಮರ್ಥನೆಯಾಗದು, ಏಕೆಂದರೆ ಆ ಕೋಣೆಯಲ್ಲಿ ಇಬ್ಬರ ಬಲ ಸಮವಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ ಸಂಹಿತೆ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 2 ವರ್ಷ ನಿಷೇಧಿಸುತ್ತದೆ, ಆಮೇಲೂ ತೀರಾ ಅಸಾಮಾನ್ಯ ಸಂದರ್ಭದ ಹೊರತು ಒಪ್ಪುವುದಿಲ್ಲ. ಅಲ್ಲಿನ ಸಮಾಲೋಚಕರ ಸಂಘ 5 ವರ್ಷ ಎನ್ನುತ್ತದೆ. ಎಂದಿಗೂ ಬೇಡ ಎಂದು ಇಟ್ಟುಕೊಳ್ಳುವುದೇ ನೆಟ್ಟಗಿನ ದಾರಿ. ಆಕರ್ಷಣೆ ಹುಟ್ಟುವುದು ಅಪರಾಧವಲ್ಲ. ಅದನ್ನು ಸೂಪರ್‌ವಿಷನ್‌ಗೆ ತನ್ನಿ. ಹತೋಟಿಗೆ ಬರದಿದ್ದರೆ ಕ್ಲೈಂಟ್‌ನನ್ನು ಬೇರೆ ಚಿಕಿತ್ಸಕರಿಗೆ ಒಪ್ಪಿಸಿ, ಆ ಭಾರವನ್ನು ಮಾತ್ರ ಕ್ಲೈಂಟ್ ಮೇಲೆ ಹೊರಿಸಬೇಡಿ.

ನೋಟ್ಸ್ ಬರೆಯುವುದನ್ನು ಮರುದಿನಕ್ಕಿಂತ ಆಚೆ ತಳ್ಳಬೇಡಿ. ದಿನಾಂಕ, ಅವಧಿ, ಮಾಡಿದ್ದೇನು, ಅಪಾಯದ ಅಂದಾಜು, ಮುಂದಿನ ಯೋಜನೆ ಇದ್ದರೆ ಸಾಕು. ಮೂರನೆಯವರ ಹೆಸರು, ನಿಮ್ಮ ಊಹೆ, ಸಿಟ್ಟು ಬೇಡ. ಕ್ಲೈಂಟೇ ಮುಂದೊಮ್ಮೆ ಓದಬಹುದು, ವಕೀಲರೂ ಓದಬಹುದು. ತಪ್ಪಾಗಿದ್ದರೆ ಅಳಿಸದೆ, ದಿನಾಂಕ ಹಾಕಿ ಕೆಳಗೆ ತಿದ್ದುಪಡಿ ಸೇರಿಸಿ. ನಿಮ್ಮಲ್ಲಿ ಬೇರೆ ಕಾನೂನು ಇಲ್ಲದಿದ್ದರೆ ಅಮೆರಿಕದ ಮನೋವಿಜ್ಞಾನ ಸಂಘದ ಅಳತೆ ಬಳಸಬಹುದು. ವಯಸ್ಕರ ದಾಖಲೆ ಕೊನೆಯ ಸೆಷನ್ ಆದ ಮೇಲೆ 7 ವರ್ಷ ಇರಬೇಕು. ಅಪ್ರಾಪ್ತರದ್ದಾದರೆ ಪ್ರಾಪ್ತ ವಯಸ್ಸಿಗೆ ಬಂದ ಮೇಲೆ 3 ವರ್ಷ ಅಥವಾ ಆ 7 ವರ್ಷ, ಯಾವುದು ತಡವೋ ಅಲ್ಲಿಯವರೆಗೆ.

ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ನಾಳೆ ನೀವೇ ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ಕ್ಲೈಂಟ್‌ಗಳಿಗೆ ಸುದ್ದಿ ಮುಟ್ಟಿಸುವವರು ಯಾರು? ಕುಟುಂಬದವರ ಕೈಗೆ ಆ ಫೈಲ್‌ಗಳು ಸಿಗಬಾರದು. ಒಬ್ಬ ಸಹೋದ್ಯೋಗಿಯನ್ನು ಒಪ್ಪಿಸಿ, ಬೀಗದ ಕೈ ಎಲ್ಲಿದೆ, ಪಾಸ್‌ವರ್ಡ್ ಹೇಗೆ ಸಿಗುತ್ತದೆ, ಮೊದಲು ಯಾರಿಗೆ ಫೋನ್ ಮಾಡಬೇಕು ಎಂದು ಬರೆದು ಮುಚ್ಚಿದ ಲಕೋಟೆಯಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ಪಟ್ಟಿ ತಿದ್ದಿ.