ಸ್ಕಿಜೋಫ್ರೇನಿಯಾದ ಮೊದಲ ವರ್ಷಗಳಲ್ಲಿ ಗಮನ, ನೆನಪಿನ ತರಬೇತಿ: ಮಾಡುವ ಕ್ರಮ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯಲ್ಲಿ ಕಿವಿಯಲ್ಲಿ ದನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ ಇವೆಲ್ಲ ಮಾತ್ರೆಯಿಂದ ಹತೋಟಿಗೆ ಬಂದ ಮೇಲೂ ಅನೇಕರಿಗೆ ಒಂದು ಪುಟ ಓದಿ ಮುಗಿಸಲು ಆಗುವುದಿಲ್ಲ. ಮೂರು ಕೆಲಸ ಹೇಳಿದರೆ ಒಂದು ನೆನಪಿರುತ್ತದೆ. ಮನೆಯವರು ಸೋಮಾರಿತನ ಅಂದುಕೊಳ್ಳುತ್ತಾರೆ. ಇದು ಕಾಯಿಲೆಯದೇ ಭಾಗ, ಮತ್ತು ಮಾತ್ರೆಗಳಿಂದ ಇದರಲ್ಲಿ ಹೆಚ್ಚು ಸುಧಾರಣೆ ಕಾಣುವುದಿಲ್ಲ. ಅರಿವಿನ ಪುನಶ್ಚೇತನ ಚಿಕಿತ್ಸೆ, ಅಂದರೆ ಗಮನ, ನೆನಪು, ಯೋಚನೆಗಳನ್ನು ಅಭ್ಯಾಸದಿಂದ ಸುಧಾರಿಸುವ ತರಬೇತಿ, ಬೇಕಾಗುವುದು ಇಲ್ಲಿಯೇ. ಓದು, ಕೆಲಸ, ಗೆಳೆತನ ಪೂರ್ತಿ ಕೈತಪ್ಪುವ ಮುನ್ನ, ಮೊದಲ ವರ್ಷಗಳಲ್ಲೇ ಶುರು ಮಾಡಬೇಕು.

ಕಾಯಿಲೆ ಉಲ್ಬಣಿಸಿರುವಾಗ ಬೇಡ. 20 ನಿಮಿಷ ಒಂದೆಡೆ ಕೂರುವಷ್ಟು ಸ್ಥಿಮಿತ ಬಂದಿದ್ದರೆ ಸಾಕು. ಅದಕ್ಕೂ ಮೊದಲು ಕಣ್ಣಿನ ದೃಷ್ಟಿ, ನಿದ್ದೆ, ಮಾತ್ರೆಗಳ ಪಟ್ಟಿ ನೋಡಿ. ಕೈನಡುಕ, ಸ್ನಾಯು ಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಮಂಕಾಗಿಸಬಲ್ಲದು. ಅದನ್ನು ತಗ್ಗಿಸಬಹುದೇ ಎಂದು ಮನೋವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ನಂತರ ಗಮನ, ನೆನಪು, ಯೋಚನೆಯ ವೇಗ, ಯೋಜನಾ ಶಕ್ತಿಯ ಪರೀಕ್ಷೆ ಮಾಡಿ, ವ್ಯಕ್ತಿಯ ಜೊತೆ ಕೂತು ಒಂದೇ ಒಂದು ಗುರಿ ಬರೆಯಿರಿ. ‘ಕಾಲೇಜಿಗೆ ಮರಳಬೇಕು’ ಎಂಬುದು ತೀರಾ ದೊಡ್ಡದು. ‘40 ನಿಮಿಷದ ಪಾಠ ಕೇಳಿ ಅರ್ಧ ಪುಟ ಟಿಪ್ಪಣಿ ಬರೆಯಬೇಕು’ ಎಂದರೆ ಹಿಡಿತಕ್ಕೆ ಸಿಗುತ್ತದೆ.

ವಾರಕ್ಕೆ 2–3 ಸಲ, ಸಲಕ್ಕೆ 45–60 ನಿಮಿಷ, 3ರಿಂದ 4 ತಿಂಗಳು ಸಾಮಾನ್ಯ ಲೆಕ್ಕ. ಬೇಗ ದಣಿಯುವವರಿಗೆ 20 ನಿಮಿಷದ ನಂತರ ಐದು ನಿಮಿಷ ಬಿಡುವು ಕೊಡಿ. ಪ್ರತಿ ಸೆಷನ್ನಿನ ಕೊನೆಯ 15 ನಿಮಿಷ ಮಾತುಕತೆಗೇ ಮೀಸಲು.

ಗಮನದ ಒಂದು ಅಭ್ಯಾಸ ನೋಡಿ. ಹಾಳೆಯಲ್ಲಿ 10 ಸಾಲು, ಸಾಲಿಗೆ 20 ಅಂಕಿ. ಪ್ರತಿ ಸಾಲಿನಲ್ಲೂ ನಾಲ್ಕು ಕಡೆ 7 ಇರಲಿ. 7 ಕಂಡಲ್ಲೆಲ್ಲ ಪೆನ್ಸಿಲ್‌ನಿಂದ ಹೊಡೆದುಹಾಕಬೇಕು. ಶುರುವಿಗೆ ಮುಂಚೆ ‘ಹೇಗೆ ಮಾಡ್ತೀರಿ?’ ಎಂದು ಕೇಳಿ. ಮುಗಿದ ಮೇಲೆ ಬಿಟ್ಟುಹೋದದ್ದನ್ನು ಸಾಲುಸಾಲಾಗಿ ಎಣಿಸಿ. ಕೊನೆಯ ಸಾಲುಗಳಲ್ಲೇ ತಪ್ಪು ಹೆಚ್ಚಿದ್ದರೆ ಗಮನ ದಣಿದಿದೆ, ಹಾಳೆ ಚಿಕ್ಕದಾಗಲಿ. ಎಲ್ಲ ಕಡೆ ಚದುರಿದ್ದರೆ ಅವಸರವಿರಬಹುದು: ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತಾ ಸಾಗಲಿ. ಹತ್ತರಲ್ಲಿ ಎಂಟು ಸರಿಯಾಗುವ ಮಟ್ಟದಲ್ಲೇ ಅಭ್ಯಾಸ ನಡೆಯಬೇಕು. ಎಲ್ಲವೂ ಸರಿಯಾದರೆ ಒಂದು ಹಂತ ಮೇಲೆ, ಆರಕ್ಕಿಂತ ಕಡಿಮೆಯಾದರೆ ಒಂದು ಹಂತ ಕೆಳಗೆ. ಗಡಿಯಾರ ಹಿಡಿದು ವೇಗ ಅಳೆಯುವುದು ಕೊನೆಗೆ.

ಈಗ ಆ 15 ನಿಮಿಷ. ‘ಯಾವ ಉಪಾಯ ಕೆಲಸಕ್ಕೆ ಬಂತು? ಇದನ್ನು ನಾಳೆ ಎಲ್ಲಿ ಬಳಸ್ತೀರಿ?’ ಸ್ಕೇಲ್ ಇಟ್ಟು ಓದಿದ್ದು ಫಲಿಸಿದರೆ, ನಾಳೆ ಬೆಳಿಗ್ಗೆ 10ಕ್ಕೆ ಪಠ್ಯದ ಒಂದು ಪುಟವನ್ನು ಹಾಗೆಯೇ ಓದಬೇಕೆಂದು ಸಮಯ, ಜಾಗ ಸಮೇತ ಬರೆದು ಕೊಡಿ. ಮುಂದಿನ ಸೆಷನ್ ಶುರುವಾಗುವುದು ಆ ಚೀಟಿಯಿಂದಲೇ. ನಮ್ಮ ದೃಷ್ಟಿಯಲ್ಲಿ ಚಿಕಿತ್ಸೆಯ ತಿರುಳು ಇದು. 2011ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಟಿಲ್ ವೈಕ್ಸ್ ಮತ್ತು ಸಂಗಡಿಗರು 40 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ, ಉಪಾಯಗಳನ್ನು ಕಲಿಸಿ ಇತರ ಪುನರ್ವಸತಿ ಕಾರ್ಯಕ್ರಮದ ಜೊತೆ ಸೇರಿಸಿದಲ್ಲಿ ದಿನನಿತ್ಯದ ಬದುಕಿಗೆ ಹೆಚ್ಚು ಪ್ರಯೋಜನವಾಗಿತ್ತು.

ಹೀಗಾಗಿಯೇ ಮೊಬೈಲ್ ಆಟವೊಂದನ್ನು ಕೈಗೆ ಕೊಟ್ಟು ಬಿಟ್ಟರೆ ಸಾಲದು. ಆಟದ ಅಂಕ ಏರುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ. ಕಂಪ್ಯೂಟರ್ ತನ್ನನ್ನು ಗಮನಿಸುತ್ತಿದೆ ಎಂಬ ಸಂಶಯ ಬಂದರೆ ವಾದಿಸದೆ ಕಾಗದಕ್ಕೆ ಬದಲಾಯಿಸಿ.

ಸೆಷನ್ ತಪ್ಪಿಸುವುದು ಬಹಳ ಸಾಮಾನ್ಯ, ಏಕೆಂದರೆ ಹುರುಪು ಕುಂದುವುದೂ ಕಾಯಿಲೆಯ ಲಕ್ಷಣ. ಗದರಬೇಡಿ, ಹಿಂದಿನ ದಿನ ನೆನಪಿಸಿ, ಅವಧಿ ತಗ್ಗಿಸಿ, ಅವರಿಗಿಷ್ಟದ ಅಭ್ಯಾಸವನ್ನು ಮೊದಲಿಡಿ. ಪಕ್ಕದಲ್ಲಿ ಕೂತ ಮನೆಯವರು ಉತ್ತರ ಹೇಳಿಕೊಡದಂತೆಯೂ ನೋಡಿಕೊಳ್ಳಿ. ಚೆನ್ನಾಗಿ ಮಾಡುತ್ತಿದ್ದವರ ಅಂಕ ಒಂದೆರಡು ವಾರದಲ್ಲಿ ದಿಢೀರನೆ ಕುಸಿದರೆ ಅಭ್ಯಾಸ ಹೆಚ್ಚಿಸಬೇಡಿ: ನಿದ್ದೆಗೆಟ್ಟಿರಬಹುದು, ಮಾತ್ರೆ ಬಿಟ್ಟಿರಬಹುದು, ಕಾಯಿಲೆ ಮರುಕಳಿಸುತ್ತಿರಬಹುದು. ಕೂಡಲೇ ಮನೋವೈದ್ಯರಿಗೆ ತಿಳಿಸಿ.

ಅವಧಿ ಮುಗಿದಾಗ ಪರೀಕ್ಷೆಗಳನ್ನು ಬೇರೆ ಪ್ರಶ್ನೆಗಳ ಆವೃತ್ತಿಯಲ್ಲಿ ಮಾಡಿ, ಇಲ್ಲದಿದ್ದರೆ ಹಳೆಯ ಉತ್ತರಗಳ ನೆನಪೇ ಪ್ರಗತಿಯಂತೆ ಕಾಣುತ್ತದೆ. ಅಂಕ ಏರಿಯೂ ಬರೆದಿಟ್ಟ ಗುರಿ ಕದಲದಿದ್ದರೆ ಅಭ್ಯಾಸದ ಹೊತ್ತನ್ನು ಕಡಿತ ಮಾಡಿ, ಕೊನೆಯ 15 ನಿಮಿಷವನ್ನು 30ಕ್ಕೆ ಏರಿಸಿ.