ಬ್ಲೂಟೂತ್ ಟ್ಯಾಗ್ ಬಾಯಿ ಮುಚ್ಚಿಕೊಂಡಾಗ ನಾನು ಮಾಡಿದ್ದು

ವಸ್ತುಗಳಿಗೆ ಸಿಕ್ಕಿಸಿಟ್ಟರೆ ಅವು ಎಲ್ಲಿವೆ ಅಂತ ಫೋನಿನಲ್ಲಿ ತೋರಿಸುವ ಪುಟ್ಟ ಬಿಲ್ಲೆಯೇ ಬ್ಲೂಟೂತ್ ಟ್ಯಾಗ್. ಅದು ಕೆಟ್ಟುಹೋಯಿತು ಅಂತ ಯಾರಾದರೂ ತಂದುಕೊಟ್ಟರೆ ನಾನು ಮೊದಲು ಕೇಳುವುದು ಅವರ ಫೋನ್. ಟ್ಯಾಗ್ ಬಿಚ್ಚುವುದು ಆಮೇಲೆ. ಕೀ ಗೊಂಚಲು, ಬ್ಯಾಗು, ಪರ್ಸು ಅಂತ ನಮ್ಮ ಮನೆಯಲ್ಲೇ ಬೇರೆ ಬೇರೆ ಕಂಪನಿಯ ಟ್ಯಾಗ್‌ಗಳಿವೆ. ಒಂದಲ್ಲ ಒಂದು ಆಗಾಗ ಮುನಿಸಿಕೊಳ್ಳುತ್ತದೆ. ಅವನ್ನು ಸರಿ ಮಾಡುತ್ತಾ ಮಾಡುತ್ತಾ ನನಗೆ ಒಂದು ಕ್ರಮ ರೂಢಿಯಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟ್ಯಾಗ್ ಒಳಗೆ ಜಿಪಿಎಸ್ ಇರುವುದಿಲ್ಲ, ಇಂಟರ್ನೆಟ್ಟೂ ಇರುವುದಿಲ್ಲ. ಒಂದು ಪುಟ್ಟ ರೇಡಿಯೋ, ಒಂದು ಬಟನ್ ಸೆಲ್, ಸದ್ದು ಮಾಡಲು ಒಂದು ಸ್ಪೀಕರ್, ಅಷ್ಟೇ. ಅದು ಆಗಾಗ ಎದ್ದು ರೇಡಿಯೋದಲ್ಲಿ ತನ್ನ ನಂಬರ್ ಕೂಗಿ ಮತ್ತೆ ಮಲಗುತ್ತದೆ. ಹತ್ತಿರದ ಫೋನ್ ಅದನ್ನು ಕೇಳಿಸಿಕೊಂಡು, ತಾನು ಎಲ್ಲಿದ್ದೇನೋ ಆ ಜಾಗವನ್ನೇ ಟ್ಯಾಗ್‌ನ ಜಾಗ ಅಂತ ಬರೆದುಕೊಳ್ಳುತ್ತದೆ. ಅಂದರೆ ಕೆಲಸ ನಿಂತರೆ ಮೂರರಲ್ಲಿ ಒಂದು ಆಗಿರಬೇಕು. ಟ್ಯಾಗ್ ಕೂಗುತ್ತಿಲ್ಲ. ಅಥವಾ ಫೋನಿಗೆ ಕೇಳಿಸುತ್ತಿಲ್ಲ. ಅಥವಾ ಕೇಳಿಸಿದರೂ ಸುದ್ದಿ ಮುಂದಕ್ಕೆ ಹೋಗುತ್ತಿಲ್ಲ. ತಮಾಷೆ ಏನೆಂದರೆ ಮೂರಕ್ಕೂ ಆ್ಯಪ್‌ನಲ್ಲಿ ಕಾಣುವುದು ಒಂದೇ ಸಾಲು: ಕೊನೆಯ ಬಾರಿ ಕಂಡದ್ದು ಇಷ್ಟು ಹೊತ್ತಿಗೆ. ಆ ಸಾಲನ್ನು ಎಷ್ಟು ಸಲ ರಿಫ್ರೆಶ್ ಮಾಡಿದರೂ ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಆ್ಯಪ್ ಪಕ್ಕಕ್ಕಿಟ್ಟು ಇನ್ನೊಂದು ಫೋನ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಎನ್‌ಆರ್‌ಎಫ್ ಕನೆಕ್ಟ್ ಅನ್ನುವ ಸ್ಕ್ಯಾನರ್ ಆ್ಯಪ್ ಇದೆ. ಬ್ಲೂಟೂತ್ ಚಿಪ್ ಮಾಡುವ ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯದ್ದು, ಉಚಿತ. ಸುತ್ತಮುತ್ತ ಕೂಗುತ್ತಿರುವ ಬ್ಲೂಟೂತ್ ಸಾಧನಗಳನ್ನೆಲ್ಲ ಇದು ಪಟ್ಟಿ ಮಾಡಿ ತೋರಿಸುತ್ತದೆ. ಮೊದಲ ಸಲ ನೋಡಿದಾಗ ಗಾಬರಿಯಾಗುವಷ್ಟು ಉದ್ದದ ಪಟ್ಟಿ ಬರುತ್ತದೆ. ಟಿವಿ, ವಾಚು, ಇಯರ್‌ಫೋನು, ಪಕ್ಕದ ಮನೆಯವರದ್ದು ಕೂಡ. ಟ್ಯಾಗ್‌ಗೆ ಹೆಚ್ಚಿನ ಸಲ ಹೆಸರೇ ಇರುವುದಿಲ್ಲ. ಅದರ ವಿಳಾಸವೂ ಆಗಾಗ ಬದಲಾಗುತ್ತದೆ, ಬೇರೆಯವರು ಹಿಂಬಾಲಿಸಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಹಾಗಾದರೆ ನಮ್ಮದು ಯಾವುದು? ಟ್ಯಾಗ್ ಅನ್ನು ಫೋನಿಗೆ ಅಂಟಿಸಿದ ಹಾಗೆ ಹಿಡಿದು, ಯಾವ ಸಾಲಿನ ಸಿಗ್ನಲ್ ಎಲ್ಲಕ್ಕಿಂತ ಜಾಸ್ತಿ ಇದೆ ಅಂತ ನೋಡಬೇಕು. ಸಿಗ್ನಲ್ ಅಳೆಯುವುದು ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಗಳಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಕೈಯಲ್ಲೇ ಇದ್ದರೆ ಮೈನಸ್ 40ರ ಆಸುಪಾಸು, ಆಚೆ ಕೋಣೆಗೆ ಹೋದರೆ ಮೈನಸ್ 80, ಮೈನಸ್ 90 ದಾಟಿದರೆ ಸಿಕ್ಕರೆ ಸಿಕ್ಕಿತು. ಅನುಮಾನ ಇದ್ದರೆ ಸೆಲ್ ಹೊರಗೆ ತೆಗೆಯಿರಿ. ಆ ಸಾಲು ಅಲ್ಲೇ ನಿಂತುಬಿಟ್ಟರೆ ಅದೇ ನಿಮ್ಮದು.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಕೆಲವು ಟ್ಯಾಗ್‌ಗಳು ತಮ್ಮ ಮಾಲೀಕನ ಫೋನಿನ ಜೊತೆ ಕನೆಕ್ಟ್ ಆಗಿರುವಾಗ ಹೊರಗೆ ಕೂಗುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡುವಾಗ ಮಾಲೀಕನ ಫೋನಿನ ಬ್ಲೂಟೂತ್ ಆಫ್ ಮಾಡಿಡಬೇಕು. ಐಫೋನ್ ಆದರೆ ಮೇಲಿನಿಂದ ಎಳೆಯುವ ಕಂಟ್ರೋಲ್ ಸೆಂಟರ್‌ನಲ್ಲಿ ಮುಟ್ಟಿದರೆ ಬ್ಲೂಟೂತ್ ಪೂರ್ತಿ ಆಫ್ ಆಗುವುದಿಲ್ಲ, ಸೆಟ್ಟಿಂಗ್ಸ್ ಒಳಗೆ ಹೋಗಿಯೇ ಆಫ್ ಮಾಡಬೇಕು.

ನನ್ನ ಕೀ ಟ್ಯಾಗ್ ವಿಷಯಕ್ಕೆ ಬರುತ್ತೇನೆ. ಅದರ ಕಾಟ ವಿಚಿತ್ರವಾಗಿತ್ತು. ಮ್ಯಾಪ್‌ನಲ್ಲಿ ಒಮ್ಮೊಮ್ಮೆ ಕಾಣುತ್ತಿತ್ತು, ರಿಂಗ್ ಒತ್ತಿದರೆ ಮಾತ್ರ ಸದ್ದಿಲ್ಲ. ಆ್ಯಪ್ ಸುಮ್ನೆ ಸುತ್ತುತ್ತಾ ಕೂರುತ್ತಿತ್ತು. ಸ್ಪೀಕರ್ ಹೋಗಿರಬೇಕು ಅಂತ ಮನೆಯವರ ತೀರ್ಮಾನ. ಸ್ಕ್ಯಾನರ್‌ನಲ್ಲಿ ನೋಡಿದರೆ ಸಿಗ್ನಲ್ ಚೆನ್ನಾಗಿಯೇ ಬರುತ್ತಿತ್ತು. ನನ್ನ ಫೋನಿನ ಬ್ಲೂಟೂತ್ ಮತ್ತೆ ಆನ್ ಮಾಡಿ, ಟ್ಯಾಗ್ ಅನ್ನು ಕಿವಿಗೆ ಹಿಡಿದು ರಿಂಗ್ ಒತ್ತಿದೆ. ಕಿವಿಗೆ ಇಷ್ಟೇ ಇಷ್ಟು ಟಿಕ್ ಅಂದಿತು. ತಕ್ಷಣ ಆ್ಯಪ್‌ನಲ್ಲಿ ಕನೆಕ್ಷನ್ ಕಡಿದುಹೋಯಿತು. ಸ್ವಲ್ಪ ಹೊತ್ತಿಗೆ ಸೆಲ್ ಹೊಸದಾಗಿ ಹಾಕಿದಾಗ ಬರುತ್ತದಲ್ಲ, ಆ ಸಣ್ಣ ರಾಗ ಅರ್ಧಂಬರ್ಧ ಕೇಳಿಸಿತು. ಅಂದರೆ ಟ್ಯಾಗ್ ಸತ್ತು ಮತ್ತೆ ಹುಟ್ಟುತ್ತಿತ್ತು.

ಸೆಲ್ ತೆಗೆದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. 2.9 ವೋಲ್ಟ್. 3 ವೋಲ್ಟಿನ ಸೆಲ್ ಅಲ್ವಾ, ಚೆನ್ನಾಗಿದೆ ಅಂತ ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಈ ಲಿಥಿಯಂ ಬಟನ್ ಸೆಲ್‌ಗಳ ಗುಣವೇ ಹಾಗೆ. ಖಾಲಿಯಾಗುವ ಹೊತ್ತಿಗೂ ಸುಮ್ಮನೆ ಇಟ್ಟು ಅಳೆದರೆ ಹೆಚ್ಚುಕಡಿಮೆ 3 ವೋಲ್ಟೇ ತೋರಿಸುತ್ತವೆ. ಒಳಗಿನ ಚಾರ್ಜ್ ಕಡಿಮೆಯಾಗುತ್ತಾ ಬಂದ ಹಾಗೆ ಸೆಲ್‌ನ ಒಳರೋಧ, ಅಂದರೆ ಕರೆಂಟ್ ಹರಿಯಲು ಸೆಲ್ ತಾನೇ ಒಡ್ಡುವ ತಡೆ, ಏರುತ್ತದೆ. ಚೂರು ಜಾಸ್ತಿ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಂಬರ್ ಕೂಗಲು ಟ್ಯಾಗ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕೆಲವೇ ಮಿಲಿಆಂಪ್ ಸಾಕು. ಸ್ಪೀಕರ್‌ಗೆ ಅದಕ್ಕಿಂತ ಜಾಸ್ತಿ ಬೇಕು, ಹೆಚ್ಚು ಹೊತ್ತು ಬೇಕು. ಸ್ಪೀಕರ್ ಎಳೆದಾಗ ವೋಲ್ಟೇಜ್ ಬಿದ್ದು ಚಿಪ್ ರೀಸೆಟ್ ಆಗುತ್ತದೆ. ಕೆಲಸದ ಮನುಷ್ಯನನ್ನು ಕೂರಿಸಿ ಹೇಗಿದ್ದೀಯ ಅಂತ ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾನೆ, ಮೂಟೆ ಹೊರಿಸಿದರೆ ತಾನೇ ಗೊತ್ತಾಗುವುದು.

ಹಾಗಾಗಿ ನಾನು ಸೆಲ್‌ಗೂ ಮೂಟೆ ಹೊರಿಸುತ್ತೇನೆ. ಒಂದು 470 ಓಮ್ ರೆಸಿಸ್ಟರ್‌ನ ಎರಡು ಕಾಲುಗಳನ್ನು ಮೀಟರ್‌ನ ಎರಡು ಕಡ್ಡಿಗಳ ಜೊತೆ ಸೇರಿಸಿ ಹಿಡಿದು ಸೆಲ್ ಅಳೆಯುವುದು. ಸುಮಾರು 6 ಮಿಲಿಆಂಪ್ ಹರಿಯುತ್ತದೆ. ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಸುಮ್ನೆ ಸೆಲ್ ಖಾಲಿ. ನನ್ನ ಹಳೆಯ ಸೆಲ್ 2.9ರಿಂದ ಸರ್ರನೆ 2.2ಕ್ಕೆ ಇಳಿಯಿತು. ಹೊಸದನ್ನು ಹೀಗೇ ಹಿಡಿದರೆ 3 ವೋಲ್ಟಿನ ಹತ್ತಿರವೇ ಗಟ್ಟಿಯಾಗಿ ನಿಂತಿತು. ಸ್ಪೀಕರ್‌ಗೆ ಏನೂ ಆಗಿರಲಿಲ್ಲ. ಆ್ಯಪ್ ಬ್ಯಾಟರಿ ಚೆನ್ನಾಗಿದೆ ಅಂತ ತೋರಿಸುತ್ತಿದ್ದರೂ ನಾನು ಈಗ ನಂಬುವುದು ಈ ಪರೀಕ್ಷೆಯನ್ನೇ. ಮೀಟರ್ ಇಲ್ಲದವರು ನೇರವಾಗಿ ಹೊಸ ಸೆಲ್ ಹಾಕಿ ನೋಡಿ. ಹತ್ತರಲ್ಲಿ ಏಳೆಂಟು ಕೇಸು ಅಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು. ಚಳಿ ಜಾಸ್ತಿ ಇದ್ದಾಗಲೂ ಇದೇ ರೋಗ ಕಾಣಿಸಿಕೊಳ್ಳುತ್ತದೆ. ತಣ್ಣಗಿರುವ ಸೆಲ್‌ನ ಒಳರೋಧ ಏರುತ್ತದೆ, ಬೆಚ್ಚಗಾದ ಮೇಲೆ ಟ್ಯಾಗ್ ತಾನಾಗಿಯೇ ಎದ್ದುಬಿಡುತ್ತದೆ.

ಹೊಸ ಸೆಲ್ ಹಾಕಿದರೂ ಏಳದ ಟ್ಯಾಗ್‌ಗಳಿವೆಯಲ್ಲ, ಅಲ್ಲಿ ನಿಜವಾದ ಮಜಾ. ಮೊದಲು ಸೆಲ್‌ನ ಬೆನ್ನು ನೋಡಿ. ಬಹುತೇಕ ಟ್ಯಾಗ್‌ಗಳಿಗೆ ಬೇಕಾದದ್ದು ಸಿಆರ್2032. ಆ ಅಂಕಿಗಳಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ಬದಲು ಸಿಆರ್2025 ಹಾಕಿದರೆ ಅಗಲ ಸರಿಯಾಗಿ ಕೂರುತ್ತದೆ, ದಪ್ಪ ಮಾತ್ರ 2.5 ಮಿಲಿಮೀಟರ್. ಮೇಜಿನ ಮೇಲೆ ಇಟ್ಟಾಗ ಕೆಲಸ ಮಾಡಿ, ಜೇಬಿಗೆ ಹಾಕಿಕೊಂಡು ನಡೆದರೆ ಕಡಿದುಹೋಗುತ್ತದೆ. ಇಂಥ ಒಂದು ಟ್ಯಾಗ್ ನನ್ನ ಕೈಗೆ ಬಂದಿತ್ತು. ಅಲ್ಲಾಡಿಸಿದಾಗೆಲ್ಲ ಒಂದು ರಾಗ ಹಾಡುತ್ತಿತ್ತು.

ಇನ್ನೊಂದು, ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದು ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪನ ಹಚ್ಚಿರುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಟ್ಯಾಗ್‌ನ ಸಣ್ಣ ಕಾಂಟ್ಯಾಕ್ಟ್ ಸರಿಯಾಗಿ ಆ ಲೇಪನದ ಮೇಲೇ ಕೂತರೆ ಕರೆಂಟ್ ಹರಿಯುವುದಿಲ್ಲ. ತನ್ನ ಏರ್‌ಟ್ಯಾಗ್ ಅನ್ನುವ ಟ್ಯಾಗ್‌ಗೆ ಇಂಥ ಸೆಲ್ ಹೊಂದದೇ ಇರಬಹುದು ಅಂತ ಆ್ಯಪಲ್ ಕಂಪನಿಯೇ ಹೇಳಿದೆ. ನಾನು ಲೇಪನ ಕೆರೆಯಲು ಹೋಗುವುದಿಲ್ಲ, ಲೇಪನ ಇಲ್ಲದ ಸೆಲ್ ಹಾಕುತ್ತೇನೆ. ಹಾಗೆ ಮಾಡುವಾಗ ಜವಾಬ್ದಾರಿ ನಮ್ಮದು. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ಹಳೆಯದಾದರೂ ಅಪಾಯ ತಪ್ಪಿದ್ದಲ್ಲ. ತೆಗೆದ ಸೆಲ್‌ಗೆ ಎರಡೂ ಕಡೆ ಟೇಪ್ ಹಚ್ಚಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ, ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ.

ಸೆಲ್ ಸರಿಯಿದ್ದರೆ ಮುಂದಿನದು ಒಳಗಿನ ತಗಡಿನ ಕಾಂಟ್ಯಾಕ್ಟ್‌ಗಳು. ಒಂದು ಸೆಲ್‌ನ ಬದಿಗೆ ತಾಗುತ್ತದೆ, ಇನ್ನೊಂದು ಕೆಳಗೆ. ಅವು ಸ್ಪ್ರಿಂಗಿನಂತೆ ಸ್ವಲ್ಪ ಮೇಲೆದ್ದಿರಬೇಕು. ಚಪ್ಪಟೆಯಾಗಿದ್ದರೆ ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಕೂದಲೆಳೆಯಷ್ಟು ಮೇಲಕ್ಕೆತ್ತುತ್ತೇನೆ. ಜೋರು ಮಾಡಿದರೆ ಮುರಿಯುತ್ತದೆ, ಆಮೇಲೆ ಅಂಟಿಸಲು ಬರುವುದಿಲ್ಲ. ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ಪೂರ್ತಿ ಒಣಗಲು ಬಿಡುತ್ತೇನೆ. ಸೆಲ್‌ನ ಮೇಲೆ ಬೆರಳಿನ ಜಿಡ್ಡು ಕೂಡ ಬೇಡ, ಅದನ್ನೂ ಒರೆಸಿಯೇ ಹಾಕುವುದು.

ಇಷ್ಟಾದ ಮೇಲೆ ಸ್ಕ್ಯಾನರ್‌ನಲ್ಲಿ ಸಿಗ್ನಲ್ ಬಂತು, ರಿಂಗ್ ಒತ್ತಿದರೂ ಕಡಿಯಲಿಲ್ಲ ಅಂದರೆ ಟ್ಯಾಗ್ ಪಾಸು. ಇನ್ನೂ ಮ್ಯಾಪ್‌ನಲ್ಲಿ ಹಳೆಯ ಜಾಗವೇ ಇದ್ದರೆ ತನಿಖೆ ಫೋನಿನ ಕಡೆ ತಿರುಗುತ್ತದೆ.

ಆಂಡ್ರಾಯ್ಡ್‌ನಲ್ಲಿ ನಾನು ನೋಡುವುದು ಮುಖ್ಯವಾಗಿ ಪರ್ಮಿಷನ್. ಬಹಳ ದಿನ ತೆರೆಯದ ಆ್ಯಪ್‌ನ ಪರ್ಮಿಷನ್‌ಗಳನ್ನು ಆಂಡ್ರಾಯ್ಡ್ 11ರಿಂದ ಈಚೆಗೆ ಫೋನೇ ತಾನಾಗಿ ಕಿತ್ತುಹಾಕುತ್ತದೆ. ಟ್ಯಾಗ್ ಆ್ಯಪ್ ಅಂದರೆ ಯಾರೂ ದಿನಾ ತೆರೆಯುವಂಥದ್ದಲ್ಲ, ಹಾಗಾಗಿ ಅದು ಈ ಬಲೆಗೆ ಸುಲಭವಾಗಿ ಬೀಳುತ್ತದೆ. ಲೊಕೇಶನ್ ಸದಾ ಅನುಮತಿಸಿ ಅಂತಿರಬೇಕು. ಆಂಡ್ರಾಯ್ಡ್ 12ರಿಂದ ಹತ್ತಿರದ ಸಾಧನಗಳು ಅನ್ನುವ ಇನ್ನೊಂದು ಪರ್ಮಿಷನ್ ಬಂದಿದೆ, ಅದೂ ಬೇಕು. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಈ ಆ್ಯಪ್ ಅನ್ನು ಹೊರಗಿಡಬೇಕು. ಐಫೋನ್‌ನಲ್ಲಿ ಬೇರೆ ಕಂಪನಿಯ ಟ್ಯಾಗ್ ಆ್ಯಪ್ ಬಳಸುವವರು ಅದನ್ನು ಮೇಲಕ್ಕೆ ತಳ್ಳಿ ಮುಚ್ಚುವ ಚಟ ಬಿಡಬೇಕು. ಹಾಗೆ ಮುಚ್ಚಿದರೆ ಹಿನ್ನೆಲೆಯಲ್ಲಿ ಅದು ಕೇಳಿಸಿಕೊಳ್ಳುವುದೇ ನಿಲ್ಲುತ್ತದೆ. ಮತ್ತೆ ಟ್ಯಾಗ್ ಅನ್ನು ಹೆಡ್‌ಫೋನ್ ಜೋಡಿಸಿದ ಹಾಗೆ ಬ್ಲೂಟೂತ್ ಸೆಟ್ಟಿಂಗ್ಸ್‌ನಿಂದ ಜೋಡಿಸಲು ಹೋಗಬೇಡಿ. ಅದರ ದಾರಿ ಆ್ಯಪ್ ಮೂಲಕವೇ.

ಫೋನೂ ಸರಿ, ಟ್ಯಾಗೂ ಸರಿ, ಆದರೂ ಬ್ಯಾಗ್ ದೂರ ಹೋದಾಗ ಜಾಗ ಗೊತ್ತಾಗಲಿಲ್ಲ ಅನ್ನುವ ದೂರು ಬೇರೆ. ನಮ್ಮ ಫೋನಿನ ವ್ಯಾಪ್ತಿ ದಾಟಿದ ಮೇಲೆ ಟ್ಯಾಗ್ ಬದುಕುವುದು ದಾರಿಹೋಕರ ಫೋನ್‌ಗಳ ಮೇಲೆ. ಟ್ಯಾಗ್‌ನ ಜಾಲಕ್ಕೆ ಸೇರಿದ ಫೋನ್‌ಗಳು ಅದರ ಕೂಗು ಕೇಳಿಸಿಕೊಂಡು ಜಾಗ ತಿಳಿಸುತ್ತವೆ. ಅಲ್ಲಿ ಯಾರೂ ಓಡಾಡದಿದ್ದರೆ, ಅಥವಾ ಓಡಾಡುವವರ ಫೋನ್ ಆ ಜಾಲದ್ದಲ್ಲದಿದ್ದರೆ ಸುದ್ದಿ ಬರುವುದಿಲ್ಲ. ಗೂಗಲ್ 2024ರ ಏಪ್ರಿಲ್‌ನಲ್ಲಿ ಶುರು ಮಾಡಿದ ಜಾಲದಲ್ಲಂತೂ, ಗೌಪ್ಯತೆ ಕಾಪಾಡಲು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫೋನ್‌ಗಳು ಟ್ಯಾಗ್ ಅನ್ನು ಕಂಡ ಮೇಲೆಯೇ ಜಾಗ ತೋರಿಸುವ ಏರ್ಪಾಡು ಇದೆ. ಜನನಿಬಿಡ ಕಡೆ ಚುರುಕು, ನಿರ್ಜನ ಕಡೆ ಮಂಕು. ಇದಕ್ಕೆ ಟ್ಯಾಗ್ ಬಿಚ್ಚಿ ಪ್ರಯೋಜನವಿಲ್ಲ.

ಟ್ಯಾಗ್ ಇಟ್ಟ ಜಾಗವೂ ಮುಖ್ಯ. ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ಲೋಹ ತಡೆಯುತ್ತದೆ. ನನ್ನ ಬ್ಯಾಗಿನ ತಳದಲ್ಲಿ, ನೀರು ತುಂಬಿದ ಸ್ಟೀಲ್ ಬಾಟಲಿಯ ಹಿಂದೆ ಟ್ಯಾಗ್ ಬಿದ್ದಿತ್ತು. ಅಲ್ಲಿಂದ ತೆಗೆದು ಮೇಲಿನ ಜಿಪ್ ಜೇಬಿಗೆ ಹಾಕಿದ ಕೂಡಲೇ ಸ್ಕ್ಯಾನರ್‌ನಲ್ಲಿ ಮೈನಸ್ 85 ಇದ್ದದ್ದು ಮೈನಸ್ 60ರ ಹತ್ತಿರ ಬಂತು. ಖರ್ಚಿಲ್ಲದ ರಿಪೇರಿ.

ರೀಸೆಟ್ ಮಾಡುವುದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಜನ ಅದನ್ನೇ ಮೊದಲು ಮಾಡುತ್ತಾರೆ. ರೀಸೆಟ್‌ಗೆ ಮೊದಲು ಆ್ಯಪ್‌ನಿಂದ ಟ್ಯಾಗ್ ತೆಗೆದುಹಾಕಬೇಕಾಗುತ್ತದೆ, ಅದರೊಂದಿಗೆ ಕೊನೆಯ ಜಾಗದ ದಾಖಲೆಯೂ ಹೋಗುತ್ತದೆ. ಕೈಯಲ್ಲಿರುವ ಟ್ಯಾಗ್ ಆದರೆ ಪರವಾಗಿಲ್ಲ. ಕಳೆದುಹೋದ ಟ್ಯಾಗ್ ಅನ್ನು ಮಾತ್ರ ಯಾವ ಕಾರಣಕ್ಕೂ ಆ್ಯಪ್‌ನಿಂದ ತೆಗೆಯಬೇಡಿ, ಇರುವ ಒಂದು ಎಳೆಯೂ ಕಡಿದುಹೋಗುತ್ತದೆ. ಏರ್‌ಟ್ಯಾಗ್ ಆದರೆ ಸೆಲ್ ತೆಗೆದು ಮತ್ತೆ ಹಾಕಿ ಸದ್ದು ಬರುವವರೆಗೆ ಒತ್ತಬೇಕು. ಹೀಗೆ ಒಟ್ಟು ಐದು ಸಲ ಸದ್ದು ಬರಬೇಕು, ಐದನೆಯದರ ಸದ್ದು ಬೇರೆ ಥರ ಇರುತ್ತದೆ. ಬೇರೆಯವರಿಂದ ಪಡೆದ ಹಳೆಯ ಟ್ಯಾಗ್ ರೀಸೆಟ್ ಆದರೂ ಸೇರಿಕೊಳ್ಳದಿದ್ದರೆ, ಅದು ಇನ್ನೂ ಹಿಂದಿನವರ ಖಾತೆಯಲ್ಲೇ ಇದೆ ಅಂತ ಅರ್ಥ. ಅವರೇ ತೆಗೆಯಬೇಕು, ನಮ್ಮ ಕೈಯಲ್ಲಿ ಏನೂ ಇಲ್ಲ.

ರಿಂಗ್ ಒತ್ತದೇ ಇದ್ದರೂ ತಾನಾಗಿ ಸದ್ದು ಮಾಡುವ ಟ್ಯಾಗ್ ಕೂಡ ಕೆಟ್ಟದ್ದಲ್ಲ. ಮಾಲೀಕನಿಂದ ಬಹಳ ಹೊತ್ತು ದೂರವಿದ್ದು ಬೇರೆಯವರ ಜೊತೆ ಚಲಿಸುತ್ತಿದ್ದರೆ ಕೆಲವು ಟ್ಯಾಗ್‌ಗಳು ಹಾಗೆ ಸದ್ದು ಮಾಡುತ್ತವೆ. ಕದ್ದು ಹಿಂಬಾಲಿಸುವುದನ್ನು ತಡೆಯಲು ಇಟ್ಟ ವ್ಯವಸ್ಥೆ ಅದು. ನನ್ನ ಕೀ ತೆಗೆದುಕೊಂಡು ಹೋದ ಮನೆಯವರ ಜೇಬಿನಲ್ಲಿ ಟ್ಯಾಗ್ ಸದ್ದು ಮಾಡಿದ್ದು ಈ ಕಾರಣಕ್ಕೇ.

ನನ್ನಿಂದ ಪೂರ್ತಿ ಸರಿಯಾಗದ್ದು ಒಂದಿದೆ. ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್‌ನಲ್ಲಿ ಸುತ್ತಿ ಬಂದ ಟ್ಯಾಗ್ ಅದು. ಡಬ್ಬಿಯ ಮೇಲೆ ನೀರು ತಡೆಯುವ ಗುರುತಾದ ಐಪಿ67 ಅಂತ ಇದ್ದರೂ ಆ ಭರವಸೆ ಒಂದು ಮೀಟರ್ ಆಳದ ನಿಂತ ನೀರಲ್ಲಿ 30 ನಿಮಿಷಕ್ಕೆ. ಸೋಪು, ಬಿಸಿನೀರು, ಗಿರಗಿರ ತಿರುಗುವುದಕ್ಕೆಲ್ಲ ಅಲ್ಲ. ಬಿಚ್ಚಿದರೆ ಕೆಳಗಿನ ಕಾಂಟ್ಯಾಕ್ಟ್ ಸುತ್ತ ಹಸಿರು ಪುಡಿ. ಆಲ್ಕೋಹಾಲ್‌ನಲ್ಲಿ ಉಜ್ಜಿ, ಒಣಗಿಸಿ, ಹೊಸ ಸೆಲ್ ಹಾಕಿದೆ. ಸಿಗ್ನಲ್ ಬಂತು, ಮ್ಯಾಪ್‌ನಲ್ಲೂ ಕಂಡಿತು. ಸದ್ದು ಮಾತ್ರ ಬರಲಿಲ್ಲ. ಈ ಸಲ ಕನೆಕ್ಷನ್ ಕಡಿಯದೆಯೇ ಮೌನ, ಅಂದರೆ ನಿಜವಾಗಿಯೂ ಸ್ಪೀಕರ್ ಹೋಗಿದೆ. ಈಗ ಅದನ್ನು ಸೂಟ್‌ಕೇಸಿಗೆ ಹಾಕಿದ್ದೇನೆ. ಅಲ್ಲಿ ಮ್ಯಾಪ್ ಇದ್ದರೆ ಸಾಕು.